ಪಾನಕ: ಅಂದೇ ಮಾಡಿ ಅಂದೇ ಹಂಚತಕ್ಕ ಪ್ರಸಾದ

ಚೈತ್ರ ವೈಶಾಖಗಳು ವಸಂತ ಋತುವಿನ ಮಾಸಗಳು. ಪಂಚಾಂಗವು ವಸಂತವೆಂದರೂ ನಮ್ಮ ನಾಡಿನಲ್ಲಿ ಆ ವೇಳೆಗೆ ಬಿಸಿಲಿನ ತಾಪವು ಏರಿರುತ್ತದೆ. ಚೈತ್ರ ಶುದ್ಧ ನವಮಿಯಂದು ಶ್ರೀರಾಮಚಂದ್ರನಿಗೂ, ವೈಶಾಖ ಶುದ್ಧ ಚತುರ್ದಶಿಯಂದು ಶ್ರೀನರಸಿಂಹದೇವರಿಗೂ ಪಾನಕವನ್ನು ನಿವೇದಿಸಿ, ಬಂದವರಿಗೆಲ್ಲ ಹಂಚುವ ಸಂಪ್ರದಾಯವು ಈ ಕಾಲಕ್ಕೆ ಒಪ್ಪುವಂತೆಯೇ ಇದೆ. ಆಂಧ್ರದ ಮಂಗಳಗಿರಿಯಲ್ಲಿ ನೆಲಸಿರುವ ನರಸಿಂಹದೇವರಿಗಂತೂ ಪಾನಕವೇ ಮುಖ್ಯ ನೈವೇದ್ಯ. ಅರ್ಪಿಸಿದ ಪಾನಕದಲ್ಲಿ ಅರ್ಧವನ್ನು ಸ್ವಾಮಿಯು ಸ್ವೀಕರಿಸಿ ಉಳಿದರ್ಧವನ್ನು ಭಕ್ತರಿಗೆ ಬಿಡುವನೆಂದು ಅಲ್ಲಿಯ ಜನರ ನಂಬಿಕೆ. ವೈಶಾಖದ ಉದಕುಂಭದಾನವೂ ಇದೇ ಭಾವದ್ದು. ಬಾಯಾರಿದವನಿಗೆ ನೀರು ಕೊಡುವುದಕ್ಕಿಂತ ಹತ್ತಿರದ ದಾನವು ಬೇಸಗೆಯಲ್ಲಿ ಬೇರೆ ಯಾವುದುಂಟು?

ಹೀಗಿರುವ ಪಾನಕವನ್ನು ಮಾಡುವ ಕ್ರಮದಲ್ಲಿ ಈಚೆಗೆ ಕೆಲವು ಸಡಿಲಗಳು ಸೇರಿಕೊಂಡಿವೆ. ಹಿಂದಿನ ರಾತ್ರಿಯೇ ಹಂಡೆಗಟ್ಟಲೆ ಕಲಸಿಡುವುದು, ಎಲ್ಲಿಂದಲೋ ತಂದ ಮಂಜುಗಡ್ಡೆಯನ್ನು ಹಾಕುವುದು, ಮಿಕ್ಕದ್ದನ್ನು ಮರುದಿನಕ್ಕೆ ಇರಿಸುವುದು ಹಲವೆಡೆ ಕಂಡುಬರುತ್ತದೆ. ಆದ್ದರಿಂದ ಈ ವಿಷಯವನ್ನು ನಾವು ಇಲ್ಲಿ ಸ್ವಲ್ಪ ವಿಸ್ತಾರವಾಗಿ ವಿಚಾರಮಾಡೋಣ.

ಕಾಲವೇ ಪಾನಕದ ಶುದ್ಧಿ

ಪಾನಕವೆಂದರೆ ನೀರು, ಹಣ್ಣು, ಬೆಲ್ಲ, ಸಂಬಾರ ಪದಾರ್ಥ ಇವುಗಳ ಕೂಟ. ಆಯುರ್ವೇದದ ಆಸವಾರಿಷ್ಟಗಳಲ್ಲಿಯೂ ನೀರು, ಬೆಲ್ಲ, ಮೂಲಿಕೆಗಳೇ ಇರುತ್ತವೆ. ಹಾಗಾದರೆ ಇವೆರಡಕ್ಕೂ ಭೇದವೇನು? ಮುಖ್ಯವಾದ ಭೇದವು ಕಾಲ. ಆಸವಕ್ಕೆ ಧಾತಕಿಯ ಹೂವನ್ನು ಸೇರಿಸಿ, ಪಾತ್ರೆಯ ಬಾಯಿ ಮುಚ್ಚಿ, ವಾರಗಟ್ಟಲೆ ಇರಿಸುತ್ತಾರೆ. ಆಗ ಬೆಲ್ಲದ ಸಿಹಿಯು ಹುದುಗಿ ಮದ್ಯಸಾರವು ತಾನಾಗಿ ಹುಟ್ಟುತ್ತದೆ. ವೈದ್ಯರು ಅಳತೆಯರಿತು ಕೊಡುವ ಔಷಧವಾಗಿ ಅದಕ್ಕೆ ಅದರದೇ ಸ್ಥಾನವುಂಟು. ಆದರೆ ಹುದುಗನ್ನು ಎಬ್ಬಿಸುವ ಸೂಕ್ಷ್ಮಜೀವಿಗಳು ಹಣ್ಣಿನ ಸಿಪ್ಪೆಯ ಮೇಲೂ ಗಾಳಿಯಲ್ಲಿಯೂ ಸಹಜವಾಗಿಯೇ ಇರುತ್ತವೆ. ಬೇಸಗೆಯ ಸೆಕೆಯಲ್ಲಿ ಇಟ್ಟುಬಿಟ್ಟ ಪಾನಕಕ್ಕೂ ಅವು ಅದೇ ಕೆಲಸವನ್ನು ಮಾಡುತ್ತವೆ. ಮೇಲೆ ನೊರೆ ಕಟ್ಟುವುದು, ಸಣ್ಣ ಗುಳ್ಳೆಗಳು ಏಳುವುದು, ಮೂಗಿಗೆ ಹುಳಿವಾಸನೆ ಬಡಿಯುವುದು ಇದರ ಲಕ್ಷಣಗಳು.

ಇಟ್ಟು ಹುಳಿತ ಪದಾರ್ಥವನ್ನು ಧರ್ಮಶಾಸ್ತ್ರಗಳು ಶುಕ್ತವೆಂದು ಕರೆದು ವರ್ಜಿಸಿವೆ. ಮದ್ಯದ ಸೋಂಕೂ ಬೇಡವೆನ್ನುವ ಮನೆಗಳಲ್ಲಿ ಪಾನಕವನ್ನು ಅಂದಂದೇ ಮಾಡಿ ಅಂದಂದೇ ಮುಗಿಸಬೇಕೆಂಬ ನಿಯಮವು ಬರಿಯ ಮಡಿಯ ಮಾತಲ್ಲವೆಂಬುದು ಇದರಿಂದ ತಿಳಿಯುತ್ತದೆ. ಕಲಸಿದ ನಾಲ್ಕು ಗಂಟೆಗಳೊಳಗೆ ಪಾನಕವು ಮುಗಿಯುವಂತೆ ನೋಡಿಕೊಳ್ಳುವುದು ಕ್ಷೇಮ.

ಬೇಲದ ಹಣ್ಣಿನ ಪಾನಕ

ನಿವೇದನಕ್ಕೆ ಮುನ್ನ ಪಾನಕದ ರುಚಿ ನೋಡುವಂತಿಲ್ಲ. ಆದ್ದರಿಂದ ಅಳತೆಯನ್ನೇ ನಂಬಿ ನಡೆಯಬೇಕು. ಹತ್ತು ಮಂದಿಗೆ ತಲಾ 200 ಮಿಲಿಲೀಟರಿನಂತೆ 2 ಲೀಟರು ಪಾನಕಕ್ಕೆ ಬೇಕಾದ ಸಾಮಗ್ರಿ ಹೀಗಿದೆ: ಮಧ್ಯಮ ಗಾತ್ರದ ಬೇಲದ ಹಣ್ಣು 1, ಬೆಲ್ಲ 120 ಗ್ರಾಂ, ಏಲಕ್ಕಿ 6, ಕರಿಮೆಣಸು 8 ಕಾಳು, ಶುಂಠಿಯ ಪುಡಿ ಒಂದು ಸಣ್ಣ ಚಮಚ, ಸೈಂಧವ ಲವಣ ಎರಡು ಚಿಟಿಕೆ, ತುಳಸಿ.

ಬೇಲವೂ ಬಿಲ್ವವೂ ಬೇರೆ ಬೇರೆ ಮರಗಳು. ಎರಡರ ಕಾಯಿಗೂ ಗಟ್ಟಿ ಕರಟವಿರುವುದರಿಂದ ಕೊಳ್ಳುವಾಗ ಗಮನಿಸಬೇಕು. ಬೇಲವನ್ನು ಒಂದು ಮೊಳ ಎತ್ತರದಿಂದ ನೆಲಕ್ಕೆ ಬಿಟ್ಟರೆ ಕಾಯಿಯಾಗಿದ್ದರೆ ಪುಟಿಯುತ್ತದೆ, ಹಣ್ಣಾಗಿದ್ದರೆ ಪುಟಿಯದೆ ನಿಲ್ಲುತ್ತದೆ. ಪರಿಮಳವೂ ಹಣ್ಣಿನ ಗುರುತೇ. ಒಡೆದಾಗ ತಿರುಳಿನಲ್ಲಿ ಬೂಷ್ಟು ಕಂಡರೆ ಆ ಹಣ್ಣನ್ನು ಬಿಟ್ಟುಬಿಡತಕ್ಕದ್ದು.

ಮೊದಲು ಎಲ್ಲ ನೀರನ್ನೂ ಚೆನ್ನಾಗಿ ಕುದಿಸಬೇಕು. ಅದರಲ್ಲಿ ಅರ್ಧ ಲೀಟರನ್ನು ಬೇರೆ ತೆಗೆದು, ಬೆಲ್ಲ, ಕುಟ್ಟಿದ ಮೆಣಸು, ಶುಂಠಿಗಳನ್ನು ಹಾಕಿ ಇನ್ನೊಂದು ಕುದಿ ಬರಿಸಿ ಬಟ್ಟೆಯಲ್ಲಿ ಸೋಸಬೇಕು. ಹೀಗೆ ಮಾಡುವುದರಿಂದ ಬೆಲ್ಲದಲ್ಲಿರುವ ಮರಳು ಕಸಗಳು ಹೋಗುವುವಲ್ಲದೆ ಹುದುಗಿನ ಜೀವಿಗಳೂ ನಾಶವಾಗುತ್ತವೆ. ಎಲ್ಲವೂ ಪೂರ್ತಿ ಆರಿದ ಬಳಿಕ ಹಣ್ಣನ್ನು ತೊಳೆದು ಒಡೆದು, ತಿರುಳನ್ನು ಉಳಿದ ನೀರಿನಲ್ಲಿ ಕಿವುಚಿ, ನಾರು ಬೀಜಗಳನ್ನು ಶೋಧಿಸಿ ತೆಗೆದು, ಬೆಲ್ಲದ ನೀರಿನೊಡನೆ ಕೂಡಿಸಬೇಕು. ಏಲಕ್ಕಿಪುಡಿ, ಲವಣಗಳನ್ನು ಸೇರಿಸಿ, ತೊಳೆದ ತುಳಸಿಯನ್ನು ಕೊನೆಗೆ ಹಾಕಿದರೆ ಪಾನಕವು ಸಿದ್ಧವಾಯಿತು. ದ್ವಾದಶಿಯಂದು ತುಳಸಿಯನ್ನು ಕೊಯ್ಯಕೂಡದೆಂಬುದನ್ನು ವಾಚಕರು ಬಲ್ಲರು. ಆ ದಿನ ಬೇಕಾದಲ್ಲಿ ಮೊದಲೇ ತೆಗೆದಿಟ್ಟುಕೊಳ್ಳತಕ್ಕದ್ದು. ತಂಪು ಬೇಕೆಂದವರು ಕುದಿಸಿ ಆರಿಸಿದ ನೀರನ್ನು ಮಣ್ಣಿನ ಹೂಜಿಯಲ್ಲಿ ತುಂಬಿ, ತೊಳೆದ ಲಾವಂಚದ ಬೇರನ್ನು ಅದರಲ್ಲಿ ಇಳಿಬಿಟ್ಟು ಬಳಸಬಹುದು. ಮಂಜುಗಡ್ಡೆಯ ಅಗತ್ಯವೇ ಬೀಳದು.

ಬೇಲ ದೊರೆಯದ ಕಡೆ ಬೇರೆ ಹಣ್ಣುಗಳು ಉಂಟು. ಕರಾವಳಿಯವರಿಗೆ ಪುನರ್ಪುಳಿ ಇದೆ; ಹಣ್ಣಿನ ಸಿಪ್ಪೆಯನ್ನು ನೀರಿನಲ್ಲಿ ನೆನೆಯಿಸಿದರೆ ಕೆಂಪು ರಸವು ಬಿಡುತ್ತದೆ, ಅದಕ್ಕೆ ಹುರಿದ ಜೀರಿಗೆಯ ಪುಡಿ ಹೊಂದುತ್ತದೆ. ಮಾವಿನಕಾಯಿಯನ್ನು ಬೇಯಿಸಿ ತಿರುಳನ್ನು ಕದಡಿ ಮಾಡುವ ಪಾನಕವೂ ರುಚಿಕರವೇ. ಕರ್ಬೂಜದ ವಿಷಯದಲ್ಲಿ ಮಾತ್ರ ಹೆಚ್ಚಿನ ಎಚ್ಚರ ಬೇಕು. ಅದರಲ್ಲಿ ಹುಳಿಯ ಅಂಶವು ಬಹಳ ಕಡಮೆಯಾದುದರಿಂದ ಬೇಗ ಕೆಡುತ್ತದೆ. ಹಣ್ಣನ್ನು ಹೊರಗಿನಿಂದ ಉಜ್ಜಿ ತೊಳೆದ ಮೇಲೆಯೇ ಹೆಚ್ಚಬೇಕು, ಮಾಡಿದ ಕೂಡಲೇ ಹಂಚಬೇಕು.

ಎರಡು ಎಚ್ಚರಿಕೆಗಳು

ಹುಳಿಯಿರುವ ಪಾನಕವನ್ನು ಕಲಾಯಿ ಇಲ್ಲದ ತಾಮ್ರ ಹಿತ್ತಾಳೆಗಳ ಪಾತ್ರೆಯಲ್ಲಿ ಇಡಕೂಡದು. ಹುಳಿಯು ಲೋಹವನ್ನು ತಿಂದು ಕಿಲುಬು ಪಾನಕಕ್ಕೆ ಇಳಿಯುತ್ತದೆ. ಬೆಳ್ಳಿ, ಸ್ಟೀಲು ಅಥವಾ ಚೆನ್ನಾಗಿ ಕಲಾಯಿ ಹಾಕಿದ ಪಾತ್ರೆಯೇ ಯೋಗ್ಯ. ಎರಡನೆಯದು ಕರ್ಪೂರದ ವಿಷಯ. ಪರಿಮಳಕ್ಕೆಂದು ಪಚ್ಚಕರ್ಪೂರವನ್ನು ಹಾಕುವವರು ಆರತಿಯ ಕರ್ಪೂರವನ್ನು ಎಂದಿಗೂ ಬಳಸಕೂಡದು. ಕರ್ಪೂರವು ಹೊಟ್ಟೆಗೆ ಸೇರಿದರೆ ಮಕ್ಕಳಿಗೆ ಸೆಳವು ಬರುವ ಅಪಾಯವುಂಟು. ಮಕ್ಕಳೂ ಕುಡಿಯುವ ಪಾನಕಕ್ಕೆ ಏಲಕ್ಕಿಯ ಪರಿಮಳವೇ ಸಾಕು.

ಸಿಹಿಯ ಮಿತಿ

ಬೆಲ್ಲವು ಸಕ್ಕರೆಯಲ್ಲ, ಆದುದರಿಂದ ಎಷ್ಟು ಕುಡಿದರೂ ಬಾಧಕವಿಲ್ಲವೆಂಬ ಮಾತು ಬಳಕೆಯಲ್ಲಿದೆ. ಇದು ನಿಜವಲ್ಲ. ಬೆಲ್ಲದಲ್ಲಿ ನೂರಕ್ಕೆ ಎಂಬತ್ತಕ್ಕೂ ಮಿಕ್ಕ ಪಾಲು ಸಕ್ಕರೆಯ ಅಂಶವೇ. ಸುಶ್ರುತ ಸಂಹಿತೆಯ ಅನ್ನಪಾನವಿಧಿಯಲ್ಲಿ ದ್ರಾಕ್ಷಿಯ ಪಾನಕವು ಶ್ರಮ, ದಾಹ, ತೃಷೆಗಳನ್ನು ಹೋಗಲಾಡಿಸುತ್ತದೆಂದು ಹೇಳಿರುವಂತೆಯೇ, ಬೆಲ್ಲದ ಪಾನಕವು ಗುರು, ಅಂದರೆ ಜೀರ್ಣಕ್ಕೆ ಭಾರವಾದುದೆಂದೂ ಹೇಳಿದೆ. ವಿಶ್ವ ಆರೋಗ್ಯ ಸಂಸ್ಥೆಯು 2015ರಲ್ಲಿ ಪ್ರಕಟಿಸಿದ ಸೂಚನೆಯಂತೆ ಹೊರಗಿನಿಂದ ಸೇರಿಸುವ ಸಿಹಿಯು ದಿನಕ್ಕೆ ಸುಮಾರು 25 ಗ್ರಾಮಿನೊಳಗಿದ್ದರೆ ಒಳ್ಳೆಯದು. ಲೀಟರಿಗೆ 200 ಗ್ರಾಂ ಬೆಲ್ಲ ಹಾಕಿದರೆ ಒಂದೇ ಲೋಟದಲ್ಲಿ 40 ಗ್ರಾಂ ಬೆಲ್ಲವು ಹೊಟ್ಟೆಗೆ ಸೇರುತ್ತದೆ. ನಾವು ಮೇಲೆ ಕೊಟ್ಟಿರುವ ಅಳತೆಯಲ್ಲಿ ಲೋಟಕ್ಕೆ 12 ಗ್ರಾಂ ಮಾತ್ರ; ಉಳಿದ ರುಚಿಯನ್ನು ಹಣ್ಣೂ ಸಂಬಾರಗಳೂ ತುಂಬಿಕೊಡುತ್ತವೆ. ಮಧುಮೇಹವುಳ್ಳ ಹಿರಿಯರು ಒಂದು ಉದ್ಧರಣೆಯಷ್ಟು ಪ್ರಸಾದವನ್ನು ಸ್ವೀಕರಿಸಿದರೆ ಸಾಕು. ಅವರ ದಾಹಕ್ಕೆ ನೀರುಮಜ್ಜಿಗೆ ಇದೆ. ಅವರನ್ನು ಬಲವಂತಪಡಿಸುವುದು ಭಕ್ತಿಯೂ ಅಲ್ಲ, ಉಪಚಾರವೂ ಅಲ್ಲ.

ವಾಂತಿಭೇದಿಯಿಂದ ಬಳಲಿದವರಿಗೆ ಪಾನಕವನ್ನು ಮದ್ದೆಂದು ಕೊಡಬಾರದು. 1971ರ ನಿರಾಶ್ರಿತರ ಶಿಬಿರದಲ್ಲಿ, ಬಂಗಾಳದ ಬನಗಾಂವ್ ಎಂಬಲ್ಲಿ, ಡಾ. ದಿಲೀಪ್ ಮಹಲನಬೀಸ್ ಅವರು ಉಪ್ಪು ಸಕ್ಕರೆಗಳ ನೀರನ್ನು ಕುಡಿಸಿ ಅಸಂಖ್ಯ ಪ್ರಾಣಗಳನ್ನು ಉಳಿಸಿದರು. ಆ ಚಿಕಿತ್ಸೆಯ ಗುಟ್ಟು ಅಳತೆಯಲ್ಲಿದೆ. 2002ರಲ್ಲಿ ನಿಗದಿಯಾದ ಸೂತ್ರದಂತೆ 1 ಲೀಟರು ನೀರಿಗೆ ಗ್ಲೂಕೋಸು 13.5 ಗ್ರಾಂ, ಉಪ್ಪು 2.6 ಗ್ರಾಂ, ಜೊತೆಗೆ ಬೇರೆ ಲವಣಗಳೂ ಇರುತ್ತವೆ. ನಮ್ಮ ಮಿತವಾದ ಪಾನಕದಲ್ಲಿಯೂ ಬೆಲ್ಲವು ಅದರ ನಾಲ್ಕು ಪಟ್ಟಿಗೂ ಮಿಗಿಲು. ಅತಿಯಾದ ಸಿಹಿಯು ಭೇದಿಯನ್ನು ಹೆಚ್ಚಿಸಬಲ್ಲುದು. ಅಂಥವರಿಗೆ ಔಷಧದಂಗಡಿಯಲ್ಲಿ ದೊರೆಯುವ ಲವಣದ ಪೊಟ್ಟಣವೇ ಸರಿ.

ಹಂಚುವ ಕ್ರಮ

ಪಾನಕವನ್ನು ಒಮ್ಮೆಗೇ ಹಂಡೆ ತುಂಬ ಮಾಡುವುದಕ್ಕಿಂತ, ಬೆಲ್ಲದ ನೀರನ್ನು ಕುದಿಸಿ ಮುಚ್ಚಿಟ್ಟುಕೊಂಡು, ಜನ ಬಂದಂತೆ ಹಣ್ಣನ್ನು ಕಿವುಚಿ ಕೂಡಿಸುವುದು ಮೇಲು. ಕೊನೆಗೆ ಬಂದವರಿಗೂ ಹೊಸ ಪಾನಕವೇ ದೊರೆಯುತ್ತದೆ. ಮಿಕ್ಕಿ ಹಾಳಾಗುವುದೂ ಇಲ್ಲ. ಪ್ಲಾಸ್ಟಿಕ್ ಲೋಟಗಳು 2022ರ ಜುಲೈ 1ರಿಂದ ದೇಶದಲ್ಲೆಲ್ಲ ನಿಷಿದ್ಧವಾಗಿವೆ. ಸ್ಟೀಲು ಲೋಟಗಳನ್ನು ಶುದ್ಧವಾದ ನೀರಿನಲ್ಲಿ ತೊಳೆದು ಬಳಸುವುದಾಗಲಿ, ಎಲೆಯ ದೊನ್ನೆಗಳಲ್ಲಿ ಕೊಡುವುದಾಗಲಿ ಸುಲಭವಾದುದೇ.

ಹಬ್ಬದ ದಿನ ಪರಿಚಿತರನ್ನು ಕರೆದು ಪಾನಕ ಕೊಡುವುದು ಎಲ್ಲ ಮನೆಗಳಲ್ಲಿಯೂ ಇದ್ದದ್ದೇ. ಬೀದಿ ಗುಡಿಸುವವರು, ಅಂಚೆ ತರುವವರು, ತಳ್ಳುವ ಗಾಡಿಯಲ್ಲಿ ತರಕಾರಿ ಮಾರುವವರು ಅಂದೂ ಅದೇ ಬಿಸಿಲಿನಲ್ಲಿ ನಮ್ಮ ಬಾಗಿಲ ಮುಂದೆ ಹಾದುಹೋಗುತ್ತಾರೆ. ಬಾಯಾರಿಕೆಗೆ ಪರಿಚಯದ ಹಂಗಿಲ್ಲ. ಈ ಸಲದ ಅಳತೆಯಲ್ಲಿ ಮನೆಯವರ ಲೆಕ್ಕಕ್ಕಿಂತ ನಾಲ್ಕು ಲೋಟ ಹೆಚ್ಚಾಗಿಯೇ ಸೇರಿಸಿಕೊಂಡು, ಅದನ್ನು ಅವರಿಗೆಂದೇ ಮೀಸಲಿಡೋಣ. ಅಂದೇ ಮಾಡಿದ್ದು ಅಂದೇ ಮುಗಿಯಲು ಇದಕ್ಕಿಂತ ಸುಲಭವಾದ ಉಪಾಯವೂ ಇಲ್ಲ.

ಶ್ರೀಕೃಷ್ಣಾರ್ಪಣಮಸ್ತು.