ಪಿನ್ ಸರಿಯಿದೆ, ಕೇಳುತ್ತಿರುವುದು ಅದನ್ನಲ್ಲ

ಲ್ಯಾಪ್‌ಟಾಪ್‌ನಲ್ಲಿ ಹಳೆಯ ಕಂಪ್ಯೂಟರಿನ ಹೆಸರು ಕಾಣುತ್ತದೆ, ಅದರ ಹಂಚಿದ ಫೋಲ್ಡರ್ ತೆರೆಯಲು ದಿನವೂ ಬಳಸುವ ಪಿನ್ ಕೊಟ್ಟರೆ ಮಾತ್ರ ತಪ್ಪು ಎನ್ನುತ್ತದೆ ಎಂದಿದ್ದೀರಿ. ಹೆಸರು ಕಾಣುತ್ತಿದ್ದರೆ ಪಾಪದ ರೂಟರನ್ನು ಬೈಯಬೇಡಿ. ವಿಂಡೋಸ್‌ನ ಪಿನ್ ಅದೇ ಯಂತ್ರದ ಮುಂದೆ ಕೂತವರಿಗಷ್ಟೇ. ನೆಟ್‌ವರ್ಕ್‌ನಲ್ಲಿ ಅದು ನಡೆಯುವುದಿಲ್ಲ. ಫೋಲ್ಡರ್ ಇರುವ ಕಂಪ್ಯೂಟರಿನ ಖಾತೆಯ ಹೆಸರು, ಪಾಸ್‌ವರ್ಡ್ ಬೇಕು. ಮೈಕ್ರೋಸಾಫ್ಟ್ ಖಾತೆಯಾದರೆ ಇಮೇಲ್ ಮತ್ತು ಅದರ ಪಾಸ್‌ವರ್ಡ್. ಪಾಸ್‌ವರ್ಡೇ ಇಲ್ಲದ ಖಾತೆಯನ್ನೂ ವಿಂಡೋಸ್ ನೆಟ್‌ವರ್ಕ್ ಮೂಲಕ ಒಳಗೆ ಬಿಡದು.

ನಾನಾದರೆ ಹಳೆಯ ಕಂಪ್ಯೂಟರಿನಲ್ಲಿ ಇದಕ್ಕೆಂದೇ ಒಂದು ಲೋಕಲ್ ಖಾತೆ ತೆರೆಯುತ್ತೇನೆ. ಫೋಲ್ಡರಿನ ಪ್ರಾಪರ್ಟೀಸ್‌ನಲ್ಲಿ ಶೇರಿಂಗ್, ಸೆಕ್ಯುರಿಟಿ ಎರಡೂ ಕಡೆ ಆ ಖಾತೆಗೆ ಅನುಮತಿ ಕೊಡಿ. ಒಂದು ಕಡೆ ಮರೆತರೂ ಬಿಗಿಯಾದದ್ದೇ ಗೆಲ್ಲುತ್ತದೆ. ಹೆಚ್ಚಿನವರು ಎಡವುವುದು ಇಲ್ಲೇ. ಲ್ಯಾಪ್‌ಟಾಪ್‌ನ ಕ್ರೆಡೆನ್ಶಿಯಲ್ ಮ್ಯಾನೇಜರ್‌ನಲ್ಲಿ ಹಳೆಯ ತಪ್ಪು ಪಾಸ್‌ವರ್ಡ್ ಉಳಿದಿದ್ದರೆ ಅಳಿಸಿ, ಒಮ್ಮೆ ರೀಸ್ಟಾರ್ಟ್ ಮಾಡಿ.

ಪಾಸ್‌ವರ್ಡ್ ರಕ್ಷಣೆಯನ್ನೇ ತೆಗೆದುಬಿಡಿ ಎಂಬ ನಿಮ್ಮ ಭಾವಮೈದುನನ ಸಲಹೆ ಬೇಡ. ವಿಂಡೋಸ್ 11 ಪ್ರೊ 24ಎಚ್2 ಆವೃತ್ತಿಯಿಂದ ಪಾಸ್‌ವರ್ಡ್ ಇಲ್ಲದ ಇಂಥ ಅತಿಥಿ ಪ್ರವೇಶ ಮೊದಲಿಂದಲೇ ಬಂದ್ ಆಗಿರುತ್ತದೆ.

ಮುಂದೆಂದಾದರೂ ಹೆಸರೇ ಮಾಯವಾದರೆ ಎರಡೂ ಕಡೆ ನೆಟ್‌ವರ್ಕ್ ‘ಪ್ರೈವೇಟ್’ ಆಗಿದೆಯೇ ನೋಡಿ.