ಅಡುಗೆಯ ಎಣ್ಣೆ: ಯಾವುದು, ಎಷ್ಟು?

ವರದೆಯ ದಂಡೆಯ ಕರ್ಜಗಿಯೂ ಸೇರಿದಂತೆ ನಮ್ಮ ಈ ಸೀಮೆಯ ಎರೆಹೊಲಗಳಲ್ಲಿ ಹಿಂಗಾರಿ ಜೋಳದ ಅಂಚಿಗೆ ಕುಸುಬೆಯ ಸಾಲು ಹಾಕುವುದು ಹಿರಿಯರ ರೂಢಿಯಾಗಿತ್ತು. ಮುಳ್ಳುಗಿಡ ದನಗಳನ್ನು ತಡೆಯುತ್ತಿತ್ತು; ಕಾಳು ಗಾಣಕ್ಕೆ ಹೋಗಿ ಮನೆಯ ಎಣ್ಣೆಯಾಗುತ್ತಿತ್ತು. ಇಂದು ಗೋವಿನಜೋಳ, ಹತ್ತಿ ಹೆಚ್ಚಿವೆ; ಎಣ್ಣೆ ಪಾಕೀಟಿನಲ್ಲಿ ಬರುತ್ತದೆ. ದೇಶವು ಬಳಸುವ ಖಾದ್ಯತೈಲದಲ್ಲಿ ಅರ್ಧಕ್ಕಿಂತ ಹೆಚ್ಚು ಹೊರನಾಡಿನದು. ಅದರಲ್ಲಿಯೂ ತಾಳೆಯೆಣ್ಣೆಯ ಪಾಲು ದೊಡ್ಡದು.

ಕೊಬ್ಬು ದೇಹಕ್ಕೆ ಬೇಕಾದ ವಸ್ತುವೇ ಆಗಿದೆ. ಎ, ಡಿ, ಇ, ಕೆ ಜೀವಸತ್ವಗಳು ಅದರ ನೆರವಿನಿಂದಲೇ ಮೈಗೂಡುತ್ತವೆ. ಆದರೆ ಒಂದು ಗ್ರಾಂ ಪಿಷ್ಟ 4 ಕ್ಯಾಲೊರಿ ಕೊಟ್ಟರೆ, ಒಂದು ಗ್ರಾಂ ಕೊಬ್ಬು 9 ಕೊಡುತ್ತದೆ. ಪರ್ಯಾಪ್ತ ಕೊಬ್ಬು ರಕ್ತದ ಕೆಟ್ಟ ಕೊಲೆಸ್ಟ್ರಾಲನ್ನು ಏರಿಸುತ್ತದೆ. ತಾಳೆಯೆಣ್ಣೆಯಲ್ಲಿ ಅದು ಸುಮಾರು ಅರ್ಧದಷ್ಟು, ಕೊಬ್ಬರಿ ಎಣ್ಣೆಯಲ್ಲಿ ಹತ್ತರಲ್ಲಿ ಒಂಬತ್ತು ಪಾಲಿನಷ್ಟು. ಶೇಂಗಾ ಎಣ್ಣೆಯಲ್ಲಿ ಐದರಲ್ಲೊಂದು ಪಾಲನ್ನು ಮೀರುವುದು ವಿರಳ. ಕುಸುಬೆಯಲ್ಲಿ ಇನ್ನೂ ಕಡಿಮೆ. ಪಾಕೀಟಿನ ಮೇಲೆ ‘ಕೊಲೆಸ್ಟ್ರಾಲ್ ರಹಿತ’ ಎಂದಿರುವುದನ್ನು ಕಂಡು ನಾವು ಮರುಳಾಗುತ್ತೇವೆ. ಸಸ್ಯಜನ್ಯ ಎಣ್ಣೆ ಯಾವುದರಲ್ಲಿಯೂ ಅದು ಲೆಕ್ಕಕ್ಕೆ ಸಿಗುವಷ್ಟು ಇರುವುದಿಲ್ಲ.

ಗಾಣದ ಎಣ್ಣೆಯಲ್ಲಿ ಕಾಳಿನ ಪರಿಮಳ ಉಳಿಯುತ್ತದೆ, ನಿಜ. ಆದರೆ ಗಾಣದ್ದೆಂದು ಧಾರಾಳವಾಗಿ ಸುರಿದರೆ ಕ್ಯಾಲೊರಿ ಕಡಿಮೆಯಾಗದು. ತಲೆಗೆ ದಿನಕ್ಕೆ ನಾಲ್ಕು ಚಹಾ ಚಮಚೆ, ಅಂದರೆ ಸುಮಾರು 20 ಗ್ರಾಂ, ಸಾಕು. ಐವರ ಮನೆಗೆ ತಿಂಗಳಿಗೆ ಮೂರು ಕಿಲೋ. ಎಣ್ಣೆಗಾಯಿಯ ಮೇಲೆ ತೇಲುವ ಎಣ್ಣೆಯನ್ನು ಕಂಡವರಿಗೆ ಈ ಲೆಕ್ಕ ಕಠಿಣವೆನಿಸಬಹುದು.

ನಮ್ಮ ಚಿಂತೆಗೆ ಹೆಚ್ಚು ಕಾರಣವಾದುದು ಕರಿದ ಎಣ್ಣೆ. ಮಿರ್ಚಿ ಕರಿದ ಬಾಣಲೆಯ ಎಣ್ಣೆಯನ್ನು ಮತ್ತೆ ಮತ್ತೆ ಕಾಸಿದಾಗ ಅದು ಕಪ್ಪಾಗಿ, ಮಂದವಾಗಿ, ಹಾನಿಕರ ಸಂಯುಕ್ತಗಳನ್ನು ತಳೆಯುತ್ತದೆ. ಕುಸುಬೆ, ಸೂರ್ಯಕಾಂತಿಯಂತಹ ಬಹು ಅಪರ್ಯಾಪ್ತ ಎಣ್ಣೆಗಳು ಬೇಗ ಕೆಡುತ್ತವೆ. ಕರಿಯಲು ಶೇಂಗಾ ಎಣ್ಣೆಯೇ ಮೇಲು. ವನಸ್ಪತಿಯಲ್ಲಿ ಅಡಗಿರುವ ಟ್ರಾನ್ಸ್ ಕೊಬ್ಬು ಹೃದಯಕ್ಕೆ ಎಲ್ಲಕ್ಕಿಂತ ಕೇಡು. 2022ರ ಜನವರಿಯಿಂದ ಅದನ್ನು ಶೇ. 2ಕ್ಕೆ ಮಿತಿಗೊಳಿಸಲಾಗಿದೆ.

ಒಂದೇ ಎಣ್ಣೆಗೆ ಅಂಟಿಕೊಳ್ಳದೆ ಶೇಂಗಾ, ಕುಸುಬೆಗಳನ್ನು ಸರದಿಯಂತೆ ಬಳಸುವುದು ಲೇಸು. ಇವೆರಡರಲ್ಲಿಯೂ ಇಲ್ಲವೆನ್ನುವಷ್ಟು ಕಡಿಮೆಯಿರುವ ಒಮೆಗಾ-3 ಅಗಸಿಯಲ್ಲಿ ಹೇರಳ. ಅಗಸಿ ಎಣ್ಣೆಯನ್ನು ಕಾಸಬಾರದು. ರೊಟ್ಟಿಯೊಡನೆ ಅಗಸಿ ಹಿಂಡಿ ಇದ್ದರಾಯಿತು. ಇಡೀ ಕಾಳು ಜೀರ್ಣವಾಗದೆ ಹೋಗುವುದರಿಂದ ಕುಟ್ಟಲೇಬೇಕು. ಕುಟ್ಟಿದ ಹಿಂಡಿ ಬೇಗ ಕಮಟುವುದರಿಂದ ವಾರಕ್ಕೆ ಬೇಕಾದಷ್ಟನ್ನೇ ಮಾಡಿ, ಮುಚ್ಚಳ ಬಿಗಿದ ಡಬ್ಬಿಯಲ್ಲಿ ಇಡಬೇಕು.