ಯಂತ್ರದ ಉಸಿರಾಟ

ಪೆಟ್ರೋಲು ಉರಿಯುತ್ತದೆಂದು ನಾವೆಲ್ಲ ಹೇಳುತ್ತೇವೆ. ನಿಜವಾಗಿ ಉರಿಯುವುದು ಪೆಟ್ರೋಲಿನ ದ್ರವವಲ್ಲ, ಅದರ ಆವಿ. ಅದೂ ಗಾಳಿಯೊಡನೆ ತಕ್ಕ ಪ್ರಮಾಣದಲ್ಲಿ ಬೆರೆತಾಗ ಮಾತ್ರ. ಒಂದು ಪಾಲು ಪೆಟ್ರೋಲು ಪೂರ್ಣವಾಗಿ ಉರಿಯಬೇಕಾದರೆ ತೂಕದ ಲೆಕ್ಕದಲ್ಲಿ ಸುಮಾರು 14.7 ಪಾಲು ಗಾಳಿ ಬೇಕು. ಮೋಟಾರ್ ಸೈಕಲ್ಲುಗಳಲ್ಲಿ ಈ ಬೆರಕೆಯ ಕೆಲಸವನ್ನು ಬಹುಕಾಲ ನಡೆಸಿಕೊಂಡು ಬಂದ ಉಪಕರಣವೇ ಕಾರ್ಬ್ಯುರೇಟರ್. ಹಿಡಿಯಷ್ಟು ಗಾತ್ರದ ಈ ಲೋಹದ ತುಂಡಿಗೆ ವಿದ್ಯುತ್ತಿನ ಹಂಗಿಲ್ಲ. ಗಾಳಿಯ ಗುಣವೊಂದನ್ನೇ ನಂಬಿ ಅದು ಕೆಲಸ ಮಾಡುತ್ತದೆ.

ಆ ಗುಣ ಯಾವುದು? ಕಾರ್ಬ್ಯುರೇಟರಿನೊಳಗೆ ನಡುವೆ ಕಿರಿದಾದ ಒಂದು ಕೊಳವೆಯಿದೆ. ಹೊಳೆಯ ನೀರು ಇಕ್ಕಟ್ಟಾದ ಎಡೆಯಲ್ಲಿ ರಭಸಗೊಳ್ಳುವಂತೆ, ಇಂಜಿನ್ನು ಒಳಗೆಳೆದುಕೊಂಡ ಗಾಳಿಯೂ ಅಲ್ಲಿ ವೇಗವಾಗಿ ಹರಿಯುತ್ತದೆ. ವೇಗ ಹೆಚ್ಚಿದಲ್ಲಿ ಒತ್ತಡ ತಗ್ಗುತ್ತದೆ. ಈ ಸಂಗತಿಯನ್ನು ಅಭ್ಯಾಸ ಮಾಡಿದ ಇಟಲಿಯ ವಿಜ್ಞಾನಿ ವೆಂಚುರಿಯ (1746–1822) ಹೆಸರು ಅಂಥ ಕೊಳವೆಗೆ ಇಂದಿಗೂ ಉಳಿದಿದೆ. ಕೆಳಗಿನ ಬಟ್ಟಲಿನಲ್ಲಿರುವ ಪೆಟ್ರೋಲಿನ ಮೇಲೆ ಹೊರಗಿನ ವಾಯುಭಾರ ಒತ್ತುತ್ತಿರುತ್ತದೆ. ಮೇಲಿನ ಕೊಳವೆಯಲ್ಲಿ ಒತ್ತಡ ಕಡಿಮೆ. ಆದಕಾರಣ ಪೆಟ್ರೋಲು ಜೆಟ್ ಎಂಬ ಸೂಕ್ಷ್ಮ ರಂಧ್ರದ ಮೂಲಕ ಮೇಲೇರಿ ತುಂತುರಾಗಿ ಗಾಳಿಯಲ್ಲಿ ಬೆರೆಯುತ್ತದೆ. ಸವಾರನು ಬಲಗೈ ಹಿಡಿಯನ್ನು ತಿರುಗಿಸಿದಾಗ ಕೇಬಲ್ಲು ಸ್ಲೈಡ್ ಎಂಬ ತಡೆಯನ್ನು ಮೇಲೆತ್ತುತ್ತದೆ; ಗಾಳಿಗೆ ದಾರಿ ಅಗಲವಾಗುತ್ತದೆ.

ಮೈಸೂರಿನಲ್ಲಿ 1960ರ ದಶಕದ ಆರಂಭದಿಂದ 1996ರವರೆಗೆ ತಯಾರಾದ ಜಾವಾ, ಯೆಜ್ಡಿ ಬೈಕುಗಳ ಹೆಸರನ್ನು ನಿಮ್ಮ ಅಜ್ಜಂದಿರು ಬಲ್ಲರು. ಅವುಗಳಲ್ಲಿ ಹೆಚ್ಚಿನವಕ್ಕೆ ಸೈಲೆನ್ಸರುಗಳು ಎರಡಿದ್ದರೂ ಸಿಲಿಂಡರು ಒಂದೇ, ಕಾರ್ಬ್ಯುರೇಟರೂ ಒಂದೇ. ಇವುಗಳ ಹದ ನೋಡುವುದು ಅಷ್ಟೇನೂ ಕಷ್ಟವಲ್ಲ. ಆದರೆ 1983ರಿಂದ 1989ರವರೆಗೆ ನಮ್ಮ ದೇಶದಲ್ಲಿ ತಯಾರಾದ ರಾಜ್‌ದೂತ್ 350 ಎಂಬ ಬೈಕಿಗೆ ಎರಡು ಸಿಲಿಂಡರು. ಒಂದೊಂದಕ್ಕೂ ತನ್ನದೇ ಕಾರ್ಬ್ಯುರೇಟರು. ಹಿಡಿಯಿಂದ ಬಂದ ಕೇಬಲ್ಲು ಕವಲೊಡೆದು ಎರಡು ಕಡೆಗೂ ಹೋಗುತ್ತದೆ, ಜೊತೆಗೆ ಆಯಿಲ್ ಪಂಪಿಗೂ ಒಂದು ಕವಲು. ಕಾಲ ಕಳೆದಂತೆ ಒಂದು ಎಳೆ ಕೂದಲೆಳೆಯಷ್ಟು ಹೆಚ್ಚು ಜಗ್ಗುವುದುಂಟು. ಆಗ ಒಂದು ಸ್ಲೈಡು ಮೊದಲು ಏಳುತ್ತದೆ, ಇನ್ನೊಂದು ತಡವಾಗಿ.

ನೊಗಕ್ಕೆ ಕಟ್ಟಿದ ಜೋಡೆತ್ತುಗಳಲ್ಲಿ ಒಂದು ಮುಂದೆ ಎಳೆದು ಇನ್ನೊಂದು ಹಿಂದೆ ಸರಿದರೆ ಬಂಡಿಯ ಗತಿ ಏನಾದೀತು? ಬೈಕು ನಡುಗುತ್ತದೆ, ಪೆಟ್ರೋಲು ವ್ಯರ್ಥವಾಗುತ್ತದೆ. ಅಷ್ಟೇ ಆಗಿದ್ದರೆ ಸಹಿಸಬಹುದಿತ್ತು. ಹೆಚ್ಚು ಹೊರೆ ಹೊತ್ತ ಸಿಲಿಂಡರು ಹೆಚ್ಚು ಕಾಯುತ್ತದೆ; ಅದರ ಮಿಶ್ರಣದಲ್ಲಿ ಪೆಟ್ರೋಲು ಕಡಿಮೆಯಾಗಿದ್ದರೆ ಪಿಸ್ಟನ್ನು ಹಿಗ್ಗಿ ಸಿಲಿಂಡರಿನ ಗೋಡೆಗೆ ಕಚ್ಚಿಕೊಳ್ಳುತ್ತದೆ. ಇದನ್ನೇ ಇಂಜಿನ್ ಸೀಜ್ ಆಯಿತೆನ್ನುವುದು. ವೇಗದಲ್ಲಿ ಹೋಗುತ್ತಿರುವಾಗ ಹೀಗಾದರೆ ಹಿಂದಿನ ಗಾಲಿ ತಟ್ಟನೆ ನಿಂತು ಸವಾರನು ನೆಲಕ್ಕುರುಳಬಹುದು. ಆದ್ದರಿಂದ ಈ ಹೊಂದಾಣಿಕೆ ಶೋಕಿಯ ಕೆಲಸವಲ್ಲ.

ಇದನ್ನು ಮನೆಯಲ್ಲಿಯೇ ಮಾಡಬಹುದು, ಆದರೆ ಮನೆಯ ಒಳಗಲ್ಲ. ಇಂಜಿನ್ನಿನ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲವಿದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೊಗ್ಲೋಬಿನ್ನನ್ನು ಅದು ಆಮ್ಲಜನಕಕ್ಕಿಂತ ಇನ್ನೂರಕ್ಕೂ ಹೆಚ್ಚು ಪಟ್ಟು ಬಲವಾಗಿ ಹಿಡಿದುಕೊಳ್ಳುತ್ತದೆ. ಮುಚ್ಚಿದ ಕೊಠಡಿಯಲ್ಲಿ ಇಂಜಿನ್ನು ಓಡಿಸಿದವರು ಅರಿವಿಲ್ಲದೆಯೇ ಪ್ರಾಣ ಕಳೆದುಕೊಂಡಿದ್ದಾರೆ. ಬಯಲಾದ ಅಂಗಳವೇ ಇದಕ್ಕೆ ತಕ್ಕ ಜಾಗ. ಬೀಡಿ, ದೀಪಗಳು ದೂರವಿರಲಿ. ಬಲ್ಲ ಹಿರಿಯರು ಹತ್ತಿರವಿರಲಿ.

ಗಾಳಿಯ ಫಿಲ್ಟರು ಕೊಳೆಯಾಗಿದ್ದರೆ, ಪ್ಲಗ್ಗು ಮಸಿ ಹಿಡಿದಿದ್ದರೆ ತಿರುಪು ತಿರುಗಿಸಿ ಫಲವಿಲ್ಲ. ಮೊದಲು ಅವು ಶುದ್ಧವಾಗಬೇಕು. ಬಳಿಕ ಇಂಜಿನ್ನು ನಿಲ್ಲಿಸಿಯೇ ಫಿಲ್ಟರಿನ ರಬ್ಬರು ಕೊಳವೆಗಳನ್ನು ಬಿಚ್ಚಿ, ಎರಡೂ ಸ್ಲೈಡುಗಳ ಕೆಳಗೆ ಒಂದೊಂದು ಬೆರಳಿಟ್ಟು ಹಿಡಿಯನ್ನು ಮೆಲ್ಲನೆ ತಿರುಗಿಸಬೇಕು. ಎರಡೂ ಒಂದೇ ಕ್ಷಣದಲ್ಲಿ ಏಳುತ್ತಿವೆಯೇ ಎಂಬುದನ್ನು ಬೆರಳು ಕಣ್ಣಿಗಿಂತ ಚೆನ್ನಾಗಿ ಹೇಳುತ್ತದೆ. ಏಳದಿದ್ದರೆ ಕೇಬಲ್ಲಿನ ಮೇಲಿರುವ ಅಡ್ಜಸ್ಟರನ್ನು ತಿರುಗಿಸಿ ಸರಿಪಡಿಸಬೇಕು. ಆಮೇಲೆ ಏರ್ ಸ್ಕ್ರೂ. ಅದನ್ನು ಒಳಗೆ ಹಗುರವಾಗಿ ತಾಗುವವರೆಗೆ ತಿರುಗಿಸಿ, ತಯಾರಕರು ಹೇಳಿದಷ್ಟು ಸುತ್ತು ಹೊರಕ್ಕೆ ತರಬೇಕು. ಬಲವಾಗಿ ಬಿಗಿದರೆ ಅದರ ಮೊನೆ ಕೆಡುತ್ತದೆ. ಕೊಳವೆಗಳನ್ನು ಮತ್ತೆ ಜೋಡಿಸಿ, ಇಂಜಿನ್ನು ಬಿಸಿಯಾದ ಮೇಲೆ ಕಾಲು ಕಾಲು ಸುತ್ತು ಹಿಂದೆ ಮುಂದೆ ಮಾಡುತ್ತ, ನಿಂತಲ್ಲಿಯ ಓಟ ಎಲ್ಲಿ ನಯವಾಗುವುದೋ ಅಲ್ಲಿ ಬಿಡಬೇಕು.

ನಾನು ಅಧ್ಯಾಪಕನಾಗಿದ್ದ ಊರಿನ ಒಬ್ಬ ಮೆಕ್ಯಾನಿಕರು ಈ ಹಂತದಲ್ಲಿ ಯಾರನ್ನೂ ಮಾತಾಡಗೊಡುತ್ತಿರಲಿಲ್ಲ. ಎರಡು ಸೈಲೆನ್ಸರುಗಳ ಹಿಂದೆ ತುಸು ದೂರದಲ್ಲಿ ಎರಡು ಅಂಗೈಗಳನ್ನು ಒಡ್ಡಿ, ಕಣ್ಣು ಮುಚ್ಚಿ ಕುಳಿತಿರುತ್ತಿದ್ದರು. ಹೊಗೆಯ ಬಡಿತ ಎರಡು ಕೈಗೂ ಸಮನಾದಾಗ ಮಾತ್ರ ಏಳುತ್ತಿದ್ದರು. ಓದು ಬರಹ ಅವರಿಗೆ ಅಷ್ಟಕ್ಕಷ್ಟೇ. ಆ ಅಂಗೈಗಳ ವಿದ್ಯೆ ಮಾತ್ರ ಯಾವ ಪದವಿಗೂ ಕಡಿಮೆಯದಲ್ಲವೆಂದು ನನ್ನ ಎಣಿಕೆ.

ನಾಲ್ಕು ಸ್ಟ್ರೋಕಿನ ಜೋಡಿ ಸಿಲಿಂಡರು ಬೈಕುಗಳಲ್ಲಿ ಹೀರುವ ದಾರಿಗೆ ಸಾಮಾನ್ಯವಾಗಿ ಸಣ್ಣ ಮೂತಿಗಳಿರುತ್ತವೆ. ಅಲ್ಲಿಗೆ ಉದ್ದವಾದ ಪಾರದರ್ಶಕ ಕೊಳವೆಯೊಂದರ ಎರಡು ತುದಿಗಳನ್ನು ಸಿಕ್ಕಿಸಿ, ನಡುಭಾಗ ಕೆಳಗೆ ಜೋತುಬಿದ್ದಲ್ಲಿ ಸ್ವಲ್ಪ ಎಣ್ಣೆಯನ್ನು ನಿಲ್ಲಿಸುವವರುಂಟು. ಬಲವಾಗಿ ಹೀರುವ ಕಡೆಗೆ ಎಣ್ಣೆ ಏರುತ್ತದೆ. ಎರಡೂ ಸಮವಾದಾಗ ಮಟ್ಟವೂ ಸಮ. ಒತ್ತಡದ ಪಾಠದಲ್ಲಿ ನೀವು ಕಂಡ ಮ್ಯಾನೊಮೀಟರು ಇದೇ. ಕೊಳವೆ ಗಿಡ್ಡವಾದರೆ ಎಣ್ಣೆಯೆಲ್ಲ ಇಂಜಿನ್ನಿನ ಹೊಟ್ಟೆ ಸೇರೀತು!

2020ರ ಏಪ್ರಿಲ್‌ನಲ್ಲಿ ಭಾರತ್ ಸ್ಟೇಜ್ 6 ನಿಯಮ ಬಂದ ಮೇಲೆ ಹೆಚ್ಚಿನ ಹೊಸ ಬೈಕುಗಳಲ್ಲಿ ಇಂಧನವನ್ನು ವಿದ್ಯುನ್ಮಾನ ಉಪಕರಣವೇ ಅಳೆದು ಸಿಂಪಡಿಸುತ್ತದೆ. ಹಳೆಯ ಬೈಕನ್ನು ಉಳಿಸಿಕೊಂಡವರಿಗೆ ಮಾತ್ರ ಅಂಗಳದ ಈ ಕೆಲಸ ತಪ್ಪಿಲ್ಲ. ಕೇಬಲ್ಲು ಮುಟ್ಟಿದವರು ಆಯಿಲ್ ಪಂಪಿನ ಗುರುತನ್ನೂ ಸರಿನೋಡಬೇಕು. ಎಣ್ಣೆ ಸಾಲದಿದ್ದರೂ ಪಿಸ್ಟನ್ನು ಕಚ್ಚುತ್ತದೆ. ಕೊನೆಗೆ ಕೆಲವು ಮೈಲಿ ಓಡಿಸಿ, ಇಂಜಿನ್ನು ಆರಿದ ಬಳಿಕ ಎರಡು ಪ್ಲಗ್ಗುಗಳನ್ನೂ ಬಿಚ್ಚಿ ಅಕ್ಕಪಕ್ಕ ಇಟ್ಟು ನೋಡುತ್ತಾರೆ. ಬಿಳಿಚಿದ್ದರೆ ಪೆಟ್ರೋಲು ಸಾಲದು, ಮಸಿಯಿದ್ದರೆ ಹೆಚ್ಚಾಗಿದೆ. ಎರಡರ ಮೂತಿಯೂ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ಉಪಕರಣಗಳನ್ನು ಒರೆಸಿ ಪೆಟ್ಟಿಗೆಗೆ ಹಾಕಬಹುದು.